ಮಕ್ಕಳ ಮೊದಲ ಪಾಠ

ವಿದ್ಯಾಭ್ಯಾಸದ ವಿಷಯವಾಗಿ ನಮ್ಮ ನಗರಗಳಲ್ಲಿ ನಡೆಯುವ ಚರ್ಚೆಯೆಲ್ಲ ಬಹುಮಟ್ಟಿಗೆ ಮೇಲಿನ ಅಂತಸ್ತಿಗೆ ಸಂಬಂಧಿಸಿದ್ದು. ವಿಶ್ವವಿದ್ಯಾನಿಲಯದ ಪರೀಕ್ಷೆಗಳು, ಇಂಜಿನಿಯರಿಂಗ್ ಸೀಟುಗಳು, ಕಾಲೇಜುಗಳ ಮಟ್ಟ, ಇವುಗಳ ಮೇಲೆ ಪತ್ರಿಕೆಗಳು ಅಂಕಣಗಟ್ಟಲೆ ಬರೆಯುತ್ತವೆ. ಕಾಲೇಜಿನಲ್ಲಿ ಪಾಠ ಹೇಳುವ ನಮಗೆ ಅನ್ನ ಕೊಡುವುದೂ ಅದೇ ಆದುದರಿಂದ ಅದನ್ನು ಹಳಿಯುವ ಹಾಗಿಲ್ಲ. ಆದರೆ ಹದಿನೇಳು ಹದಿನೆಂಟು ವರ್ಷದ ತರುಣರು ಒಂದು ಪುಟವನ್ನು ಗಟ್ಟಿಯಾಗಿ ಓದಿ, ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ಹೇಳಲಾರದೆ ತಲೆತಗ್ಗಿಸಿ ನಿಲ್ಲುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಈ ತೊಡಕಿನ ಮೊದಲ ಗಂಟು ಎಲ್ಲಿ ಬಿದ್ದಿತೆಂದು ಹುಡುಕುತ್ತ ಹಿಂದಕ್ಕೆ ಹೋದರೆ ಒಂದನೆಯ ತರಗತಿಯ ಬಾಗಿಲಿಗೆ, ಒಮ್ಮೊಮ್ಮೆ ಅದಕ್ಕೂ ಹಿಂದಿನ ಶಿಶುವಿಹಾರದ ಬಾಗಿಲಿಗೆ, ಬಂದು ನಿಲ್ಲಬೇಕಾಗುತ್ತದೆ.

1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನು ಅಭ್ಯಾಸ ಮಾಡಿದವರು ಕಿವಿಗೆ ತಲಪುವ ಯಂತ್ರವೊಂದನ್ನು ಕಟ್ಟಿದ್ದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಮಗುವಿಗೂ ಭಾಷೆ ಮೊದಲು ಬರುವುದು ಕಿವಿಯಿಂದ. ಕೇಳಿ, ಆಡಿ, ಅರ್ಥಮಾಡಿಕೊಂಡ ಮೇಲೆ ಅಕ್ಷರ ಬಂದರೆ ಅದು ಪರಿಚಿತರ ಭಾವಚಿತ್ರವನ್ನು ಕಂಡಂತೆ ಸಂತೋಷ ಕೊಡುತ್ತದೆ. ಮಾತಿಗಿಂತ ಮೊದಲೇ ಅಕ್ಷರವನ್ನು ತುರುಕಿದರೆ ಅದು ಅಪರಿಚಿತರ ಭಾವಚಿತ್ರಗಳ ಸಂತೆ. ಈ ಕ್ರಮವನ್ನು ಅರಿತು ರಚಿಸಿದ ಬೋಧನಾವಿಧಾನವೊಂದು ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿಯೇ ಇದೆ. ಅದು ಯಾರಿಗೆ ಅತ್ಯಂತ ಉಪಯುಕ್ತವೋ ಅವರೇ ಅದನ್ನು ಬಿಟ್ಟು ದೂರ ಹೋಗುತ್ತಿರುವುದು ಇಂದಿನ ಸ್ಥಿತಿ.

ಬೆಂಗಳೂರಿನಿಂದ ತುಮಕೂರು ರಸ್ತೆಯನ್ನು ಹಿಡಿದು, ಎಂಟನೆಯ ಮೈಲಿಯ ಬಳಿ ಹೆಸರಘಟ್ಟದ ಕಡೆಗೆ ಬಲಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲಿ ಬಾಗಲಗುಂಟೆ ಸಿಕ್ಕುತ್ತದೆ. ಹೆದ್ದಾರಿಯ ಆಚೆಗೆ ಪೀಣ್ಯದ ಕಾರ್ಖಾನೆಗಳು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಸ್ಥಳ ದಾಸರಹಳ್ಳಿಯ ನಗರಸಭೆಯೊಡನೆ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. 2014ರಿಂದ ಪೀಣ್ಯದವರೆಗೆ ಮೆಟ್ರೋ ರೈಲೂ ಓಡುತ್ತಿದೆ. ಲೇತಿನ ಮೇಲೆ ಕೆಲಸ ಮಾಡುವವರು, ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗಿನ ಪಾಳಿಗೆ ಓಡುವ ತಾಯಂದಿರು, ಕಟ್ಟಡದ ಕೂಲಿಯವರು, ಸಣ್ಣ ಅಂಗಡಿಯವರು, ಇವರೆಲ್ಲರ ಬಾಡಿಗೆಯ ಮನೆಗಳು ಇಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ಯಾದಗಿರಿಯ ಕನ್ನಡ, ತುಮಕೂರಿನ ಕನ್ನಡ, ತೆಲುಗು, ತಮಿಳು, ಉರ್ದು, ಒರಿಯಾ, ಹಿಂದಿ ಎಲ್ಲವೂ ಒಂದೇ ನಲ್ಲಿಯ ಬಳಿ ಕೇಳಿಬರುತ್ತವೆ. ಇಂತಹ ಬಡಾವಣೆಗಳಲ್ಲಿ ಮೂರು ವರ್ಷದ ಮಗುವಿನ ಮುಂದೆ ಎರಡು ಬಾಗಿಲುಗಳಿರುತ್ತವೆ. ಒಂದು ಅಂಗನವಾಡಿ, ಅದರ ಮುಂದೆ ಸರ್ಕಾರಿ ಶಾಲೆ. ಇನ್ನೊಂದು ಮಹಡಿಯ ಮನೆಯೊಂದರಲ್ಲಿ ನಡೆಯುವ ಇಂಗ್ಲಿಷ್ ಕಾನ್ವೆಂಟು. ಕೈಯಲ್ಲಿ ನಾಲ್ಕು ಕಾಸು ಇರುವವರು, ಇಲ್ಲದಿದ್ದರೆ ಸಾಲ ಮಾಡಿಯಾದರೂ, ಎರಡನೆಯದನ್ನೇ ಆರಿಸುತ್ತಾರೆ.

ಆ ಎರಡನೆಯ ಬಾಗಿಲಿನ ಒಳಗೆ ಸಾಮಾನ್ಯವಾಗಿ ನಡೆಯುವುದೇನು? ಮೂರೂವರೆ ವರ್ಷದ ಕೂಸು ನಾಲ್ಕು ಗೆರೆಯ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ತುಂಬುತ್ತದೆ. ಬೆರಳಿನ ಎಲುಬು ಇನ್ನೂ ಬಲಿಯದ ವಯಸ್ಸು ಅದು. ಜೇಡಿಮಣ್ಣು ತುಳಿದು, ಮಣಿ ಪೋಣಿಸಿ, ರಂಗೋಲಿಯ ಚುಕ್ಕಿ ಇಟ್ಟು ಕೈಯನ್ನು ಪಳಗಿಸಬೇಕಾದ ದಿನಗಳು. ಸಂಜೆ ಮನೆಗೆ ಬಂದರೆ ಮನೆಪಾಠ. ತಾಯಿ ಓದಿದವಳಲ್ಲದಿದ್ದರೆ ಅದಕ್ಕೊಂದು ಟ್ಯೂಷನ್ನು. ಆಮೇಲೆ ಎಂದೋ ಒಂದು ದಿನ ಎರಡನೆಯ ಭಾಷೆಯಾಗಿ ಕನ್ನಡವೂ ಬರುತ್ತದೆ, ಅದೂ ವರ್ಣಮಾಲೆಯ ಸಾಲಿನಲ್ಲಿಯೇ.

ಕನ್ನಡದ ಲಿಪಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಯೋಚಿಸಬೇಕು. ವರ್ಣಗಳು 49 ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮಗು ಪುಟದ ಮೇಲೆ ಕಾಣುವುದು ವರ್ಣಗಳನ್ನಲ್ಲ, ಗುಣಿತಾಕ್ಷರಗಳನ್ನು. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳಾದುವು. ಒತ್ತಕ್ಷರಗಳ ಲೆಕ್ಕ ಬೇರೆ. ಇದು ದೋಷವೇನೂ ಅಲ್ಲ. ಬರೆದಂತೆ ಓದುವ ಭಾಗ್ಯ ಇದರಿಂದಲೇ ನಮಗೆ ಬಂದದ್ದು. ಆದರೆ ಇದಕ್ಕೆ ಕಾಲ ಹಿಡಿಯುತ್ತದೆ. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಜ್ಞಾನದ ಕಲಿಕೆ ಮೊದಲ ಎರಡು ವರ್ಷಗಳಲ್ಲಿ ಮುಗಿಯದೆ ಮೂರನೆಯ, ನಾಲ್ಕನೆಯ ತರಗತಿಗಳವರೆಗೂ ಮುಂದುವರಿಯುತ್ತದೆಂದು ಕಂಡುಬಂದಿತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಒಂದು ವರ್ಷದಲ್ಲಿ ಒಪ್ಪಿಸಿದ ಮಗುವನ್ನು ನೋಡಿ, ಕನ್ನಡ ಕಲಿಯುವ ಮಗು ಮಂದಬುದ್ಧಿಯದೆಂದು ತೀರ್ಪು ಹೇಳುವ ತಂದೆ ಹೋಲಿಸಲಾರದ ಎರಡನ್ನು ಹೋಲಿಸುತ್ತಾನೆ.

ಇನ್ನು ನಾವು ಹೇಳಿದ ಆ ವಿಧಾನಕ್ಕೆ ಬರೋಣ. ಅದರ ಹೆಸರು ನಲಿ-ಕಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಂಚಿನ ಹಾಡಿಗಳ ಮತ್ತು ಹಳ್ಳಿಗಳ ಮಕ್ಕಳಿಗಾಗಿ, 1995ರಲ್ಲಿ ಇದು ಹುಟ್ಟಿತು. ಅಲ್ಲಿಯ ಉಪಾಧ್ಯಾಯರು ಕೆಲವರು ಆಂಧ್ರದ ಮದನಪಲ್ಲಿಯ ಹತ್ತಿರವಿರುವ ಋಷಿವ್ಯಾಲಿಗೆ ಹೋಗಿ, ಸುತ್ತಣ ಗ್ರಾಮಗಳಿಗಾಗಿ ಪದ್ಮನಾಭ ರಾವ್ ಮತ್ತು ರಮಾ ದಂಪತಿಗಳು ರೂಪಿಸಿದ್ದ ಶಾಲೆಗಳನ್ನು ಕಂಡು ಬಂದರು. ಹಿಂತಿರುಗಿ, ಯೂನಿಸೆಫ್ ಸಂಸ್ಥೆಯ ನೆರವಿನಿಂದ, ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನೂ ಹಾಡುಗಳನ್ನೂ ತಾವೇ ಬರೆದರು. ಪಾಠಕ್ರಮವೆಂಬುದು ರಾಜಧಾನಿಯ ಕಚೇರಿಯಿಂದ ಕೆಳಗೆ ಇಳಿದುಬರುವ ನಮ್ಮ ದೇಶದಲ್ಲಿ ತರಗತಿಯ ನೆಲದಿಂದ ಮೇಲಕ್ಕೆ ಬೆಳೆದ ಪಾಠಕ್ರಮ ಅಪರೂಪ. ಅದಕ್ಕಾಗಿ ಆ ಉಪಾಧ್ಯಾಯರನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. 2009–10ರಲ್ಲಿ ಇದನ್ನು ಇಡೀ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ, ಬಳಿಕ ಮೂರನೆಯ ತರಗತಿಗೂ ವಿಸ್ತರಿಸಲಾಯಿತು.

ನಲಿ-ಕಲಿಯ ಕೋಣೆಯಲ್ಲಿ ಮೇಜು ಕುರ್ಚಿಗಳ ಸಾಲಿಲ್ಲ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಕೂಡಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿಗೊಂದು ಕರಿಹಲಗೆ. ತಲೆಯ ಮೇಲೆ ದಾರಗಳ ಚಪ್ಪರ. ಅದರಿಂದ ಮಕ್ಕಳು ಬಿಡಿಸಿದ ಚಿತ್ರ, ಮಡಿಸಿದ ಕಾಗದ ತೂಗುತ್ತಿರುತ್ತವೆ. ಗೋಡೆಯ ಮೇಲೆ ಕಲಿಕೆಯ ಏಣಿಯ ಪಟ. ಪಾಠವನ್ನೆಲ್ಲ ಸಣ್ಣಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದಕ್ಕೂ ಪ್ರಾಣಿಯದೋ ಪಕ್ಷಿಯದೋ ಚಿತ್ರದ ಗುರುತು ಕೊಟ್ಟಿರುತ್ತಾರೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದೆಯೆಂದು ನೋಡಿ, ಆ ಗುರುತಿನ ಕಾರ್ಡನ್ನು ತಾನೇ ತಂದು, ಅದಕ್ಕೆ ತಕ್ಕ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆಯೆಂದರೆ ಇಲ್ಲಿ ಗುಂಪಿನ ಹೆಸರು. ಒಂದು ತಟ್ಟೆಗೆ ಉಪಾಧ್ಯಾಯರು ಪೂರ್ತಿಯಾಗಿ ಕಲಿಸುತ್ತಾರೆ; ಇನ್ನೊಂದಕ್ಕೆ ಸ್ವಲ್ಪ ನೆರವಾಗುತ್ತಾರೆ; ಬೇರೊಂದರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ; ಕಡೆಯದರಲ್ಲಿ ಮಗು ತನ್ನಷ್ಟಕ್ಕೆ ಅಭ್ಯಾಸಮಾಡುತ್ತದೆ.

ಅಕ್ಷರಗಳ ಕ್ರಮವನ್ನು ನೋಡಿ. ಅ, ಆ, ಇ, ಈ ಎಂದು ಆರಂಭಿಸದೆ ರ, ಗ, ಸ, ದ, ಅ ಎಂಬ ಐದರಿಂದ ಇವರು ಆರಂಭಿಸುತ್ತಾರೆ. ಆಮೇಲೆ ಜ, ವ, ಮ, ಬ, ನ. ಸಂಪ್ರದಾಯಸ್ಥರಿಗೆ ಇದು ಅನಾಚಾರವೆಂದು ತೋರಬಹುದು. ಆದರೆ ಸಾಂಪ್ರದಾಯಿಕ ಕ್ರಮದಲ್ಲಿ ಮೊದಲ ಐದು ಅಕ್ಷರ ಕಲಿತ ಮಗು ಏನನ್ನು ಓದಬಲ್ಲುದು? ‘ಆ’ ‘ಈ’ ಎಂದು ಬೆರಳು ತೋರಿಸುವುದನ್ನು ಬಿಟ್ಟರೆ ಮತ್ತೇನನ್ನೂ ಓದಲಾರದು. ಈ ಹೊಸ ಐದನ್ನು ಕಲಿತ ಮಗುವಾದರೋ ಸರ, ರಸ, ಅರಸ, ಅಗಸ, ಗರಗಸ ಎಂದು ಓದುತ್ತದೆ. ವರ್ಣಮಾಲೆಯ ಕ್ರಮ ವ್ಯಾಕರಣಕಾರನ ಕ್ರಮ, ಬಹು ಸುಂದರವಾದದ್ದು. ಶಬ್ದಗಳು ಬಾಯಲ್ಲಿ ಹುಟ್ಟುವ ಜಾಗವನ್ನು ಅರಿತವನಿಗೆ ಅದರ ಸೊಗಸು ತಿಳಿಯುತ್ತದೆ. ಅದನ್ನು ನಾಲ್ಕನೆಯ ತರಗತಿಯಲ್ಲಿ ತೋರಿಸಿದರೆ ಮಗುವೂ ಮೆಚ್ಚೀತು. ಮೊದಲ ವಾರದಲ್ಲಿ ಅದಕ್ಕೆ ಬೇಕಾದದ್ದು, ಓದಿದ್ದು ಅರ್ಥವಾಯಿತೆಂಬ ಅನುಭವ. ಬಾಗಲಗುಂಟೆಯ ಮಗುವಿಗಂತೂ ಅಗಸನಿಗಿಂತ ಗರಗಸವೇ ಹೆಚ್ಚು ಪರಿಚಿತ. ಅದರ ಸದ್ದನ್ನು ಬೀದಿಯಲ್ಲಿ ದಿನವೂ ಕೇಳಿರುತ್ತದೆ. ಲೆಕ್ಕ ಕಲಿಸುವುದಕ್ಕೆ ಹುಣಿಸೆಬೀಜ, ಕಡ್ಡಿಗಳ ಜೊತೆಗೆ ವಾಷರು, ನಟ್ಟುಗಳನ್ನೂ ಒಂದು ಡಬ್ಬಿಯಲ್ಲಿ ಇಡಬಾರದೇಕೆ ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ. ತಂದೆಯ ಕಸುಬಿನ ವಸ್ತು ಶಾಲೆಯೊಳಗೆ ಬಂದಿತೆಂದರೆ ಮಗು ಶಾಲೆಯನ್ನು ತನ್ನದೆಂದು ತಿಳಿಯುವುದು ಬೇಗ.

ಕಾಡಂಚಿನ ಮಕ್ಕಳಿಗಾಗಿ ಮಾಡಿದ ವಿಧಾನಕ್ಕೂ ಕಾರ್ಖಾನೆಯ ಬಡಾವಣೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿರುವುದು ಏಣಿಯಲ್ಲಿ. ಬಾಗಲಗುಂಟೆಯಂತಹ ಸ್ಥಳದ ಮಗು ಜೂನ್ ತಿಂಗಳಲ್ಲಿ ಶಾಲೆಗೆ ಸೇರಿ ಮಾರ್ಚಿಯವರೆಗೆ ನೆಟ್ಟಗೆ ಬರುವುದೆಂಬ ನೆಚ್ಚಿಗೆಯಿಲ್ಲ. ಬಾಡಿಗೆ ಏರಿದರೆ ಮನೆ ಬದಲಾಗುತ್ತದೆ. ಊರಿನ ಜಾತ್ರೆಗೋ ಸುಗ್ಗಿಗೋ ಹೋದವರು ತಿಂಗಳು ಕಳೆದು ಬರುತ್ತಾರೆ. ಕಾರ್ಖಾನೆಯಲ್ಲಿ ಕೆಲಸ ಹೋದರೆ ನಡುವರ್ಷದಲ್ಲಿ ಗಂಟುಮೂಟೆ ಕಟ್ಟುತ್ತಾರೆ. ಪಠ್ಯಪುಸ್ತಕದ ಪುಟಗಳ ಮೇಲೆ ತರಗತಿಯೆಲ್ಲ ಒಟ್ಟಿಗೆ ಓಡುವ ಕ್ರಮದಲ್ಲಿ, ಒಂದು ತಿಂಗಳು ತಪ್ಪಿಸಿಕೊಂಡ ಮಗು ಹಿಂದೆ ಬಿದ್ದಿತು, ಹಿಂದೆ ಬಿದ್ದದ್ದು ಹಿಂದೆಯೇ ಉಳಿಯಿತು. ಏಣಿಯಿರುವ ಕೋಣೆಯಲ್ಲಿ ಹಾಗಲ್ಲ. ಬಿಟ್ಟುಹೋದ ಮೆಟ್ಟಿಲು ಅದಕ್ಕಾಗಿ ಕಾದಿರುತ್ತದೆ. ಬಂದ ದಿನ ಮಗು ಅದೇ ಕಾರ್ಡನ್ನು ಎತ್ತಿಕೊಂಡು ಕೂರುತ್ತದೆ. ಯಾರೂ ಅದನ್ನು ದಡ್ಡನೆಂದು ಕರೆಯಬೇಕಾದ ಸಂದರ್ಭವೇ ಬಾರದು. ಮನೆಯಲ್ಲಿ ತೆಲುಗೋ ಒರಿಯಾವೋ ಆಡುವ ಮಗು, ಜೊತೆಯ ಹುಡುಗಿಯ ಬಾಯಿಂದ ಕನ್ನಡ ಕಲಿಯುವಷ್ಟು ಚೆನ್ನಾಗಿ ಉಪಾಧ್ಯಾಯರಿಂದ ಕಲಿಯಲಾರದು.

ಮಕ್ಕಳು ಮಕ್ಕಳಿಗೆ ಕಲಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಬರೆಸುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಂದ ಕಾಗುಣಿತ, ಮಗ್ಗಿಗಳನ್ನು ಹೇಳಿಸುತ್ತಿದ್ದರು. ದಕ್ಷಿಣ ದೇಶದ ಇಂತಹ ಪದ್ಧತಿಯನ್ನು ಕಂಡೇ, ಮದರಾಸಿನ ಅನಾಥಾಲಯವನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ತನ್ನ ಶಾಲೆಯಲ್ಲಿ ಅದನ್ನು ಬಳಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚುಹಾಕಿಸಿದನು. ‘ಮದರಾಸಿನ ಪದ್ಧತಿ’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲೆಲ್ಲ ಹರಡಿತು. ಬೆತ್ತವೂ ಬಾಯಿಪಾಠವೂ ಕೂಲಿಮಠದ ಜೊತೆಯಲ್ಲಿಯೇ ಇದ್ದುದನ್ನು ಮರೆಯದೆ ಈ ಮಾತನ್ನು ಹೇಳುತ್ತಿದ್ದೇವೆ.

ನಲಿ-ಕಲಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ವಿಧಾನದ ಜೀವವೆಲ್ಲ ಉಪಾಧ್ಯಾಯರ ಕಣ್ಣಿನಲ್ಲಿದೆ. ಆ ಕಣ್ಣು ದಣಿದರೆ ಉಳಿಯುವುದು ಕಾರ್ಡುಗಳ ಕಟ್ಟು ಮಾತ್ರ. ಮೂವತ್ತು ಮಕ್ಕಳಿಗೆ ಒಬ್ಬರು ಎಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆ ಹೇಳುತ್ತದೆ. ಗುಂಪು ಅದಕ್ಕಿಂತ ದೊಡ್ಡದಾದರೆ ಉಪಾಧ್ಯಾಯರು ಒಂದು ತಟ್ಟೆಯಿಂದ ಎದ್ದು ಇನ್ನೊಂದಕ್ಕೆ ತಲಪುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ. ಒಂದೊಂದು ಮಗುವಿನ ಮೆಟ್ಟಿಲನ್ನೂ ಬರೆದಿಡುವ ಕೆಲಸ ಬೇರೆ. ಮೂಲದಲ್ಲಿ ಉಪಾಧ್ಯಾಯರು ತಾವೇ ಕಾರ್ಡು ಬರೆದರು. ರಾಜ್ಯಕ್ಕೆಲ್ಲ ಹರಡಿದ ಮೇಲೆ ಅವು ಅಚ್ಚಾಗಿ ಬಂದುವು, ಬರೆದವರ ಉತ್ಸಾಹ ಅಚ್ಚಿನೊಡನೆ ಬರಲಿಲ್ಲ. ಒಂದು ತಾಲ್ಲೂಕಿನ ಸೃಷ್ಟಿಯನ್ನು ಇಡೀ ರಾಜ್ಯದ ಆಜ್ಞೆಯನ್ನಾಗಿ ಮಾಡುವಾಗ ಇಷ್ಟು ನಷ್ಟ ತಪ್ಪದೇನೋ.

ಇನ್ನು ಇಂಗ್ಲಿಷಿನ ಪ್ರಶ್ನೆ. ಇಂಗ್ಲಿಷಿನಿಂದಲೇ ಜೀವನ ನಡೆಸುವ ನಾವು ಬಡವರ ಮಕ್ಕಳಿಗೆ ಕನ್ನಡವೇ ಸಾಕೆಂದರೆ ಕೇಳಿದವರು ನಕ್ಕಾರು, ನಗಬೇಕಾದದ್ದೇ. ಲೇತಿನ ಮುಂದೆ ನಿಂತ ತಂದೆ, ನಕ್ಷೆಯ ಮೇಲಿನ ಇಂಗ್ಲಿಷ್ ಓದಬಲ್ಲವನು ಮೇಸ್ತ್ರಿಯಾದದ್ದನ್ನು ಕಂಡಿದ್ದಾನೆ. ಅವನ ಆಸೆಯನ್ನು ವ್ಯಾಮೋಹವೆಂದು ಕರೆಯಲು ನಮಗೆ ಅಧಿಕಾರವಿಲ್ಲ. ಸರ್ಕಾರಿ ಶಾಲೆಗಳಲ್ಲಿಯೂ 2007ರಿಂದ ಒಂದನೆಯ ತರಗತಿಯಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಮಾತೃಭಾಷೆಯ ಮಾಧ್ಯಮವನ್ನು ಬಲವಂತವಾಗಿ ಹೇರಲಾಗದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಾಗಿದೆ. ಆದುದರಿಂದ ಇದು ಕಾನೂನಿನಿಂದ ಬಗೆಹರಿಯುವ ಮಾತಲ್ಲ, ತಿಳಿವಳಿಕೆಯಿಂದ ಬಗೆಹರಿಯಬೇಕು. ಒಂದು ಭಾಷೆಯಲ್ಲಿ ಅರ್ಥಹಿಡಿದು ಓದಲು ಕಲಿತ ಮಗು ಎರಡನೆಯದರಲ್ಲಿ ಆ ಕಲೆಯನ್ನು ಮತ್ತೆ ಮೊದಲಿಂದ ಕಲಿಯಬೇಕಾಗಿಲ್ಲ. ಹೊಸ ಲಿಪಿಯನ್ನೂ ಹೊಸ ಮಾತುಗಳನ್ನೂ ಕಲಿತರೆ ಸಾಕು. ಯಾವ ಭಾಷೆಯಲ್ಲಿಯೂ ಅರ್ಥಹಿಡಿಯದ ಮಗುವಿಗೆ ಎರಡೂ ಬಾರವು. ಕಾನ್ವೆಂಟಿಗೆ ಹಣ ತೆರುವ ತಂದೆಗೆ ಈ ವಿಚಾರವನ್ನು ಯಾರಾದರೂ ಕುಳಿತು ವಿವರಿಸಿದ್ದಾರೆಯೆ?

ಕಡೆಯದಾಗಿ ವಯಸ್ಸಿನ ವಿಷಯ. ಜೂನ್ 1ಕ್ಕೆ ಆರು ವರ್ಷ ತುಂಬಿದವರನ್ನು ಮಾತ್ರ ಒಂದನೆಯ ತರಗತಿಗೆ ಸೇರಿಸಬೇಕೆಂದು ಸರ್ಕಾರ 2022ರಲ್ಲಿ ಆಜ್ಞೆ ಮಾಡಿತು. ಒಂದು ವರ್ಷ ವ್ಯರ್ಥವಾಯಿತೆಂದು ತಾಯಿತಂದೆಯರು ಗೋಳಿಟ್ಟರು. 2025ರಲ್ಲಿ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಬೇಕಾಯಿತು. ಆ ವರ್ಷ ವ್ಯರ್ಥವೋ ಸಾರ್ಥಕವೋ ಎಂಬುದು ಮಗು ಅದನ್ನು ಎಲ್ಲಿ ಕಳೆಯುತ್ತದೆಂಬುದರ ಮೇಲಿದೆ. 1975ರಲ್ಲಿ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಮೊದಲ ಕೇಂದ್ರಗಳಲ್ಲೊಂದಾಗಿತ್ತು. ಅಂದಿನಿಂದ ಅಂಗನವಾಡಿಯೆಂದರೆ ಜನರ ಮನಸ್ಸಿನಲ್ಲಿ ಊಟದ ಮನೆ. ಅದರ ಕಾರ್ಯಕರ್ತೆ ಅಡಿಗೆಯ ಲೆಕ್ಕ, ತೂಕದ ಲೆಕ್ಕ, ಬಾಣಂತಿಯರ ಲೆಕ್ಕ ಮುಗಿಸಿದ ಮೇಲೆ ಉಳಿದ ಹೊತ್ತಿನಲ್ಲಿ ಕಥೆ ಹೇಳಬೇಕು. ನಗರದಲ್ಲಿ ಎಷ್ಟೋ ಅಂಗನವಾಡಿಗಳು ಬಾಡಿಗೆಯ ಒಂದು ಕೋಣೆಯಲ್ಲಿವೆ. ಮಗು ಓಡಬೇಕೆಂದರೆ ಬೀದಿಗೆ ಓಡಬೇಕು. ಆ ಕೋಣೆಗೊಂದು ಅಂಗಳವನ್ನೂ ಕಥೆ ಹೇಳುವುದಕ್ಕೆಂದೇ ಇನ್ನೊಬ್ಬ ಹೆಂಗಸನ್ನೂ ಕೊಡುವ ಖರ್ಚು, ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳ ಖರ್ಚಿನ ಮುಂದೆ, ಹೆಚ್ಚಾಗಲಾರದು.

ಶ್ರೋತೃಗಳಲ್ಲಿ ಬಹುಮಂದಿ ನಲಿ-ಕಲಿಯ ಕೋಣೆಯನ್ನು ಒಮ್ಮೆಯೂ ಕಂಡಿರಲಾರಿರಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಶನಿವಾರ ಬೆಳಿಗ್ಗೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಬಹುದು. ಒಳಗೆ ಹೋದಾಗ ಕರಿಹಲಗೆಗಳು ಯಾವ ಎತ್ತರದಲ್ಲಿವೆ, ಅವುಗಳ ಮೇಲೆ ಆ ದಿನದ ಸೀಮೆಸುಣ್ಣದ ಗುರುತಿದೆಯೆ, ಕಾರ್ಡುಗಳ ಅಂಚು ಸವೆದಿದೆಯೆ, ಉಪಾಧ್ಯಾಯಿನಿ ನಿಂತಿದ್ದಾರೆಯೆ ನೆಲದ ಮೇಲೆ ಕುಳಿತಿದ್ದಾರೆಯೆ, ಇಷ್ಟನ್ನು ನೋಡಿದರೆ ಸಾಕು. ಅಂಚು ಸವೆಯದ ಹೊಸ ಕಾರ್ಡುಗಳು ಕಪಾಟಿನಲ್ಲಿ ಅಂದವಾಗಿ ಜೋಡಿಸಿಟ್ಟಿರುವುದು ಕಂಡರೆ, ಅವನ್ನು ಮಕ್ಕಳ ಕೈಗೆ ಕೊಡುತ್ತಿಲ್ಲವೇಕೆಂದು ವಿನಯದಿಂದ ಕೇಳಬಹುದು.