ಶಿಫ್ಟ್ ಬದಲಾದರೂ ಬರಹ ನಿಲ್ಲದಿರಲಿ



ಸಂಘದ ಉಪನ್ಯಾಸ ಮಾಲೆಯ ಇಂದಿನ ವಿಷಯ ಬರವಣಿಗೆಯ ಗುರಿ ಮತ್ತು ವೇಳಾಪಟ್ಟಿ. ಕಥೆ ಹೇಗೆ ಕಟ್ಟಬೇಕು, ಕವಿತೆ ಹೇಗೆ ಹುಟ್ಟುತ್ತದೆ ಎನ್ನುವುದು ಇವತ್ತಿನ ಮಾತಲ್ಲ. ಬರೆಯುವ ಆಸೆ ಇದೆ, ನೋಟ್‌ಬುಕ್ಕಿನಲ್ಲಿ ಒಂದೆರಡು ಕಥೆ ಅರ್ಧಕ್ಕೆ ನಿಂತಿವೆ, ಹೊತ್ತು ಮಾತ್ರ ಸಿಗುತ್ತಿಲ್ಲ ಎನ್ನುವವರ ಜೊತೆ ಕೂತು ಆ ಹೊತ್ತಿನ ಲೆಕ್ಕ ನೋಡೋಣ.

ಈ ವಿಷಯಕ್ಕೆ ಎಲ್ಲರೂ ಕೊಡುವ ಮೊದಲ ಸಲಹೆ ಒಂದೇ: ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಬರೆಯಿರಿ. ನಿಮ್ಮ ಈ ಹೆಬ್ಬಗೋಡಿಯಲ್ಲಿ ಬೆಳಿಗ್ಗೆ ಐದಕ್ಕೆ ಏನಾಗುತ್ತಿರುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಫಸ್ಟ್ ಶಿಫ್ಟಿನವರು ಕಂಪನಿ ಬಸ್ಸಿಗಾಗಿ ಹೊಸೂರು ರಸ್ತೆಯಲ್ಲಿ ನಿಂತಿರುತ್ತಾರೆ. ನೈಟ್ ಶಿಫ್ಟಿನವರು ಬೊಮ್ಮಸಂದ್ರದಲ್ಲಿ ಇನ್ನೂ ಮೆಷಿನ್ ಮುಂದೆಯೇ ಇರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಹುಡುಗ ಅಮೆರಿಕದವರ ಜೊತೆ ಕಾಲ್ ಮುಗಿಸಿ ಆಗಷ್ಟೇ ಮಲಗಿರುತ್ತಾನೆ. ಮನೆಯಲ್ಲಿರುವ ಹೆಣ್ಣುಮಗಳು ಎರಡು ಮೂರು ಡಬ್ಬಿಗೆ ಅನ್ನ ತುಂಬುತ್ತಿರುತ್ತಾಳೆ. ಬರೆಯುವ ಹೊತ್ತು ಯಾವುದು, ಹೇಳಿ?

ಆ ಸಲಹೆ ಕೊಡುವವರು ಹೆಚ್ಚಾಗಿ ತೋರಿಸುವುದು ಇಂಗ್ಲೆಂಡಿನ ಆಂಥೊನಿ ಟ್ರೊಲೋಪ್‌ನನ್ನು. ಅವನು ಅಂಚೆ ಇಲಾಖೆಯ ನೌಕರ. ಕೆಲಸಕ್ಕೆ ಹೋಗುವ ಮೊದಲು, ಬೆಳಿಗ್ಗೆ ಐದೂವರೆಯಿಂದ ಎಂಟೂವರೆವರೆಗೆ, ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಹೀಗೆ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದ. 1883ರಲ್ಲಿ, ಅವನು ಸತ್ತ ಮೇಲೆ ಬಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಲೆಕ್ಕಸಮೇತ ಹೇಳಿಕೊಂಡಿದ್ದಾನೆ. ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇದೆ. ಅಷ್ಟು ಬೆಳಿಗ್ಗೆ ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಮನೆಯ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚು ಸಂಬಳ ಕೊಡುತ್ತಿದ್ದನಂತೆ. ಟ್ರೊಲೋಪ್‌ನ ಶಿಸ್ತನ್ನು ಮೆಚ್ಚೋಣ. ಆದರೆ ಆ ಕಾಫಿಯನ್ನು ಮರೆತು ಅವನ ವೇಳಾಪಟ್ಟಿಯನ್ನು ನಮ್ಮ ಗೋಡೆಗೆ ಅಂಟಿಸಿಕೊಂಡರೆ ಮೂರನೇ ದಿನಕ್ಕೆ ಅದು ಕಿತ್ತು ಬೀಳುತ್ತದೆ. ಆಮೇಲೆ ನಮ್ಮನ್ನು ನಾವೇ ಸೋಮಾರಿಗಳೆಂದು ಬೈದುಕೊಳ್ಳುತ್ತೇವೆ. ತಪ್ಪಿರುವುದು ಪಟ್ಟಿಯಲ್ಲಿ.

ನನ್ನ ಮೊದಲ ಮಾತು ಇಷ್ಟೆ: ಶಿಫ್ಟಿನಲ್ಲಿ ದುಡಿಯುವವರು ಗುರಿಯನ್ನು ದಿನಕ್ಕೆ ಕಟ್ಟಬಾರದು, ವಾರಕ್ಕೆ ಕಟ್ಟಬೇಕು. ನಿಮ್ಮ ಶಿಫ್ಟ್ ವಾರಕ್ಕೊಮ್ಮೆ ಬದಲಾಗುವುದಾದರೆ ನಿಮ್ಮ ಬದುಕಿನ ಅಳತೆಯೇ ವಾರ. ಹಾಗಾಗಿ ವಾರಕ್ಕೆ ಎರಡು ಪುಟ ಎಂದುಕೊಳ್ಳಿ. ಫಸ್ಟ್ ಶಿಫ್ಟಿನ ವಾರದಲ್ಲಿ ಮಧ್ಯಾಹ್ನ ಒಂದು ನಿದ್ದೆ ತೆಗೆದ ಮೇಲಿನ ಹೊತ್ತು ನಿಮ್ಮದು. ಸೆಕೆಂಡ್ ಶಿಫ್ಟಿನ ವಾರದಲ್ಲಿ ತಿಂಡಿಯಾದ ಮೇಲಿನ ಹೊತ್ತು. ನೈಟ್ ಶಿಫ್ಟಿನ ವಾರದಲ್ಲಿ ಹೊಸದೇನನ್ನೂ ಬರೆಯಬೇಡಿ. ಹಿಂದೆ ಬರೆದದ್ದನ್ನು ಓದಿ, ಬೇಡದ ಸಾಲು ಹೊಡೆದುಹಾಕಿ, ಅದೇ ಆ ವಾರದ ಕೆಲಸ. ಓಟಿ ಬಿದ್ದರೆ, ಊರಿಂದ ನೆಂಟರು ಬಂದರೆ ಎರಡು ಪುಟವನ್ನೂ ಆಫ್‌ನ ದಿನವೇ ಬರೆಯಬಹುದು. ದಿನ ತಪ್ಪಿದರೂ ವಾರ ತಪ್ಪುವುದಿಲ್ಲ.

ಪುಟ ಎಂದೇ ಏಕೆ ಹೇಳುತ್ತಿದ್ದೇನೆ? ಇಂಗ್ಲಿಷಿನವರು ಪದ ಎಣಿಸುತ್ತಾರೆ. ನಮ್ಮಲ್ಲಿ ವಿಭಕ್ತಿ, ಅವ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅವರ ಸಂಖ್ಯೆ ನಮ್ಮ ಬರಹಕ್ಕೆ ಹೊಂದುವುದಿಲ್ಲ. ಕೈಬರಹದ ಒಂದು ಪುಟ ಕಣ್ಣಿಗೆ ಕಾಣುವ ಅಳತೆ. ವರ್ಷದ 52 ವಾರದಲ್ಲಿ ಜ್ವರ, ಜಾತ್ರೆ, ಮದುವೆ, ನೈಟ್ ಶಿಫ್ಟ್ ಎಂದು 22 ವಾರ ಮೊದಲೇ ಬಿಟ್ಟುಬಿಡಿ. ಉಳಿದ 30 ವಾರಕ್ಕೆ 60 ಪುಟ. ಹತ್ತು ಪುಟದ ಆರು ಕಥೆ ಎಂದರೆ ಒಂದು ಚಿಕ್ಕ ಸಂಕಲನವೇ ಆಯಿತು.

ಇಷ್ಟು ನಿಧಾನವಾಗಿ ಹೋದರೆ ಏನು ಸಾಧಿಸಿದ ಹಾಗಾಯಿತು ಎಂದು ಯಾರಾದರೂ ಕೇಳಬಹುದು. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಶುರು ಮಾಡಿದ್ದು 1936ರಲ್ಲಿ, ಮುಗಿಸಿದ್ದು 1945ರಲ್ಲಿ. ಆ ಕಾಲದುದ್ದಕ್ಕೂ ಅವರು ಪಾಠ ಹೇಳುವ ಮೇಷ್ಟರೂ ಆಗಿದ್ದರು. ಕಾವ್ಯದಲ್ಲಿ 22,000ಕ್ಕೂ ಹೆಚ್ಚು ಸಾಲುಗಳಿವೆ. ಒಂಬತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು ಏಳು ಸಾಲು ಬರುತ್ತದೆ. ಅವರು ದಿನಾ ಅಳೆದು ಏಳೇ ಸಾಲು ಬರೆದರು ಎಂದು ನಾನು ಹೇಳುತ್ತಿಲ್ಲ. ಉಕ್ಕಿ ಬಂದ ದಿನಗಳಿದ್ದಾವು, ಸುಮ್ಮನೆ ಕಳೆದ ತಿಂಗಳುಗಳೂ ಇದ್ದಾವು. ಸರಾಸರಿ ತೆಗೆದರೆ ಕನ್ನಡದ ಆ ಮಹಾಕಾವ್ಯವೂ ದಿನಕ್ಕೆ ಏಳು ಸಾಲಿನ ಕೆಲಸ. ಒಂಬತ್ತು ವರ್ಷ ಕೈಬಿಡದೆ ಹಿಡಿದಿದ್ದರು ಎನ್ನುವುದೇ ದೊಡ್ಡ ಮಾತು.

ಎರಡನೆಯ ಮಾತು: ನಮ್ಮ ಹೊತ್ತಿಗೆ ತಕ್ಕ ಪ್ರಕಾರವನ್ನು ಆರಿಸಿಕೊಳ್ಳಬೇಕು. ಮಾಸ್ತಿಯವರನ್ನು ನೋಡಿ. ಇಲ್ಲಿಗೆ ದೂರವಲ್ಲದ ಮಾಲೂರು ತಾಲ್ಲೂಕಿನವರು. 1914ರಿಂದ 1943ರವರೆಗೆ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಕಡತ, ವರ್ಗಾವಣೆಗಳ ನಡುವೆ ಇದ್ದವರು. ಅವರ 'ಕೆಲವು ಸಣ್ಣ ಕಥೆಗಳು' ಬಂದದ್ದು 1920ರಲ್ಲಿ, ಅಂದರೆ ನೌಕರಿಯಲ್ಲಿದ್ದಾಗಲೇ. ಕನ್ನಡದ ಸಣ್ಣಕಥೆಗೆ ಅಡಿಪಾಯ ಹಾಕಿದ ಬಹಳಷ್ಟು ಕಥೆಗಳು ಸರ್ಕಾರಿ ಅಧಿಕಾರಿಯೊಬ್ಬರ ಬಿಡುವಿನಲ್ಲಿ ಹುಟ್ಟಿದವು. ಜ್ಞಾನಪೀಠ ತಂದುಕೊಟ್ಟ ದೊಡ್ಡ ಕಾದಂಬರಿ 'ಚಿಕವೀರ ರಾಜೇಂದ್ರ' ಬಂದದ್ದು 1956ರಲ್ಲಿ, ನೌಕರಿ ಬಿಟ್ಟು ಹದಿಮೂರು ವರ್ಷವಾದ ಮೇಲೆ. ನಮ್ಮ ಕಾಲದ ವಸುಧೇಂದ್ರರದೂ ಇಂಥದೇ ದಾರಿ. ಸಾಫ್ಟ್‌ವೇರ್ ಕೆಲಸದಲ್ಲಿದ್ದ ವರ್ಷಗಳಲ್ಲಿ ಅವರು ಹೆಚ್ಚಾಗಿ ಬರೆದದ್ದು ಕಥೆ, ಪ್ರಬಂಧ. ಇತಿಹಾಸದ ಓದು ಬೇಡುವ 'ತೇಜೋ ತುಂಗಭದ್ರಾ' 2019ರಲ್ಲಿ, ಕೆಲಸ ಬಿಟ್ಟ ಮೇಲೆ ಬಂತು. ಇದಕ್ಕೆಲ್ಲ ಹೊತ್ತೊಂದೇ ಕಾರಣ ಎನ್ನಲಾರೆ, ಆದರೆ ಹೊತ್ತೂ ಒಂದು ಕಾರಣ. ವಾರಕ್ಕೆ ಮೂರು ಗಂಟೆ ಸಿಗುವವರು ಐನೂರು ಪುಟದ ಕಾದಂಬರಿಗೆ ಕೈ ಹಾಕಿದರೆ ಐವತ್ತನೇ ಪುಟದಲ್ಲಿ ಪಾತ್ರಗಳ ಹೆಸರೇ ಮರೆತುಹೋಗುತ್ತದೆ. ಕಥೆ, ಪ್ರಬಂಧ, ನೆನಪಿನ ಬರಹ, ಇವು ಒಂದೆರಡು ತಿಂಗಳಲ್ಲಿ ಮುಗಿಯುತ್ತವೆ. ಒಂದು ಮುಗಿದರೆ ಇನ್ನೊಂದಕ್ಕೆ ಧೈರ್ಯ ಬರುತ್ತದೆ.

ಇಲ್ಲಿರುವ ಗೃಹಿಣಿಯರಿಗೆ ಒಂದು ಹೆಸರು ನೆನಪಿಸುತ್ತೇನೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಶಾಲೆ ಕಲಿತದ್ದು ಕೆಲವೇ ವರ್ಷ, ಬೇಗ ಮದುವೆಯಾಯಿತು, ಸಂಸಾರ ಬೆಳೆಯಿತು. ಅವರ 'ತುಂಗಭದ್ರ' ಕಾದಂಬರಿ ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. 'ಫಣಿಯಮ್ಮ' ಬಂದದ್ದು 1976ರಲ್ಲಿ. ಆಮೇಲೆ ಅದನ್ನು ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಮಕ್ಕಳು ದೊಡ್ಡವರಾಗಿಬಿಟ್ಟರು, ಇನ್ನೇನು ಬರೆಯುವುದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಇನ್ನು ಮೂರನೆಯ ಮಾತು. ಇವತ್ತು ಒಂದೇ ಒಂದನ್ನು ನೆನಪಿಟ್ಟುಕೊಂಡು ಹೋಗುವುದಾದರೆ ಇದನ್ನು ಇಟ್ಟುಕೊಳ್ಳಿ. ಗುರಿ ನಿಲ್ಲುವುದು ಮನಸ್ಸಿನ ಗಟ್ಟಿತನದಿಂದ ಎಂದು ನಾವು ಅಂದುಕೊಂಡಿದ್ದೇವೆ. ನಮ್ಮ ಸಾಹಿತ್ಯದ ಚರಿತ್ರೆ ನೋಡಿದರೆ ಬಹಳ ಬರಹ ನಿಂತಿರುವುದು ಆ ಕಡೆ ಯಾರೋ ಕಾಯುತ್ತಿದ್ದಾರೆ ಎನ್ನುವುದರ ಮೇಲೆ.

ಲಂಕೇಶರು 1980ರಲ್ಲಿ 'ಲಂಕೇಶ್ ಪತ್ರಿಕೆ' ಎಂಬ ವಾರಪತ್ರಿಕೆ ಶುರು ಮಾಡಿದರು. ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗ ಅಂಗಡಿಗೆ ಬಂದು ಕಾಸು ಕೊಟ್ಟರಷ್ಟೇ ಪತ್ರಿಕೆ ಉಳಿಯಬೇಕು. ಅಂಥ ಪತ್ರಿಕೆಯ ಸಂಪಾದಕನಿಗೆ ಈ ವಾರ ಬರೆಯುವ ಮನಸ್ಸಿಲ್ಲ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. 'ಟೀಕೆ ಟಿಪ್ಪಣಿ'ಯಂಥ ಗದ್ಯ, ನೀಲು ಹೆಸರಿನ ಪುಟ್ಟ ಪದ್ಯಗಳು ಬಂದದ್ದು ಆ ವಾರದ ಒತ್ತಡದಲ್ಲೇ. 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ಆ ಪತ್ರಿಕೆಯ ಸಂಪಾದಕರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದ್ದು 1991ರಲ್ಲಿ. ಅವರು 1913ರಲ್ಲಿ ಹುಟ್ಟಿದವರು, ಲೆಕ್ಕ ನೀವೇ ಹಾಕಿ. ಓದುಗರು ಪದಗಳ ಬಗ್ಗೆ ಪ್ರಶ್ನೆ ಕಳಿಸುತ್ತಿದ್ದರು, ಅವರು ಉತ್ತರ ಬರೆಯುತ್ತಿದ್ದರು. ಹೀಗೆ ಹತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಪ್ರಶ್ನೆಗಳು ಬಂದು ಕೂತಿರುವಾಗ ಪೆನ್ನು ಕೆಳಗಿಡುವುದು ಕಷ್ಟ.

ಅಮೆರಿಕದಲ್ಲಿ 1999ರಲ್ಲಿ ಒಂದು ಪದ್ಧತಿ ಶುರುವಾಯಿತು. ಒಂದು ತಿಂಗಳಲ್ಲಿ, ಆಮೇಲಿನ ವರ್ಷಗಳಲ್ಲಿ ನವೆಂಬರಿನ ಮೂವತ್ತು ದಿನದಲ್ಲಿ, 50,000 ಪದದ ಕಾದಂಬರಿ ಬರೆದು ಮುಗಿಸುವುದು. ಗೆಳೆಯರ ಚಿಕ್ಕ ಗುಂಪು ಶುರು ಮಾಡಿದ್ದಕ್ಕೆ ಆಮೇಲೆ ಲಕ್ಷಾಂತರ ಜನ ಸೇರಿದರು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚುವುದಾಗಿ ಹೇಳಿತು. ಬರೆದವರಲ್ಲಿ ಬಹಳ ಮಂದಿಯನ್ನು ಎಳೆದುಕೊಂಡು ಹೋದದ್ದು ಪದದ ಸಂಖ್ಯೆಗಿಂತ ಹೆಚ್ಚಾಗಿ, ಇನ್ನೊಬ್ಬರೂ ನಮ್ಮ ಜೊತೆ ಬರೆಯುತ್ತಿದ್ದಾರೆ ಎನ್ನುವ ತಿಳಿವಳಿಕೆ. ನಮ್ಮ ನವೆಂಬರ್ ಹೇಗೂ ರಾಜ್ಯೋತ್ಸವದ ಶಾಮಿಯಾನಕ್ಕೆ, ಆರ್ಕೆಸ್ಟ್ರಾಕ್ಕೆ ಹೋಗುತ್ತದೆ. ದಿನಕ್ಕೆ 1,600ಕ್ಕೂ ಹೆಚ್ಚು ಪದ ಬರೆಯುವ ಹೊತ್ತೂ ನಮಗಿಲ್ಲ. ಜೊತೆಗಾರರು ಮಾತ್ರ ನಮಗೂ ಬೇಕು.

ಆ ಕಾಯುವವರನ್ನು ಎಲ್ಲಿಂದ ತರುವುದು? ಕೆಲವರು ಸಿದ್ಧವಾಗಿಯೇ ಇದ್ದಾರೆ. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ಹೊಸ ಕಥೆಗಾರರಿಗೆ ಬಾಗಿಲಾಗಿದೆ. 'ಮಯೂರ', 'ತುಷಾರ'ದಂಥ ಮಾಸಪತ್ರಿಕೆಗಳಿವೆ. ಛಂದ ಪುಸ್ತಕ ಪ್ರಕಾಶನ ಹೊಸಬರ ಹಸ್ತಪ್ರತಿಗಳಿಗಾಗಿ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ಇವುಗಳ ಪ್ರಕಟಣೆ ಬಂದಾಗ ಕೊನೆಯ ದಿನಾಂಕವನ್ನು ಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಆ ಚೌಕದಲ್ಲೇ ವಾರದ ಪುಟದ ಲೆಕ್ಕವನ್ನೂ ಬರೆಯಿರಿ. ಮನೆಯವರ ಕಣ್ಣಿಗೆ ಬೀಳುವ ಲೆಕ್ಕವನ್ನು ತಪ್ಪಿಸುವುದು ಸುಲಭವಲ್ಲ. ಒಂದು ವಾರ ಖಾಲಿ ಬಿದ್ದರೆ ಅದನ್ನು ಮುಂದಿನ ವಾರದ ಮೇಲೆ ಸಾಲವಾಗಿ ಹೇರಬೇಡಿ. ಎರಡು ನಾಲ್ಕಾಗಿ, ನಾಲ್ಕು ಆರಾಗಿ, ಕೊನೆಗೆ ಸಾಲಕ್ಕೆ ಹೆದರಿ ಬರೆಯುವುದನ್ನೇ ಬಿಟ್ಟವರನ್ನು ಬಹಳ ನೋಡಿದ್ದೇನೆ. ಹೊಸ ವಾರಕ್ಕೆ ಮತ್ತೆ ಎರಡೇ ಪುಟ.

ಪ್ರಯಾಣದ ಹೊತ್ತಿನ ಬಗ್ಗೆಯೂ ಹೇಳಬೇಕು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂದ ಮೇಲೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್ ದಾರಿಯಲ್ಲಿ ಸಿಲ್ಕ್ ಬೋರ್ಡ್ ಜಾಮಿನ ಬೈಗುಳವಿಲ್ಲದೆ ಕೂರಬಹುದು, ಜಾಗ ಸಿಕ್ಕರೆ. ಆ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ ಎಂದು ಹಟ ಹಿಡಿಯಬೇಡಿ. ಕಿವಿಗೆ ಬಿದ್ದ ಒಂದು ಮಾತು, ಕಂಡ ಒಬ್ಬ ಮನುಷ್ಯ, ಇಷ್ಟನ್ನು ಫೋನಿನಲ್ಲಿ ಎರಡು ಸಾಲು ಗುರುತು ಹಾಕಿಕೊಂಡರೆ ಸಾಕು. ಬರೆಯಲು ಕೂತಾಗ ಏನು ಬರೆಯಲಿ ಎಂದು ಅರ್ಧ ಗಂಟೆ ಕಳೆಯುವುದು ತಪ್ಪುತ್ತದೆ.

ಬರೆಯಲು ನಮ್ಮಲ್ಲಿ ಏನಿದೆ ಎಂದು ಸಂಕೋಚ ಪಡಬೇಡಿ. ರಾಯಚೂರಿನಿಂದ ಬಂದ ಹುಡುಗಿ, ಒಡಿಶಾದಿಂದ ಬಂದ ಹುಡುಗ, ಜಮೀನು ಮಾರಿ ಬಾಡಿಗೆ ಮನೆ ಕಟ್ಟಿಸಿದ ಊರ ಗೌಡರು ಒಂದೇ ಬೀದಿಯಲ್ಲಿ ನೀರಿನ ಟ್ಯಾಂಕರಿಗೆ ಕಾಯುವ ಊರು ಇದು. ಈ ಬೀದಿಯ ಕನ್ನಡ ಹೊರಗಿನಿಂದ ಬಂದು ನೋಡಿ ಹೋಗುವವರಿಗೆ ದಕ್ಕುವುದಿಲ್ಲ. ಅದನ್ನು ಬರೆಯಬೇಕಾದವರು ನೀವೇ.

ಕೊನೆಯದಾಗಿ ಸಂಘಕ್ಕೊಂದು ಬೇಡಿಕೆ. ವರ್ಷಕ್ಕೊಮ್ಮೆ ಕವಿಗೋಷ್ಠಿ ಮಾಡಿ ಶಾಲು ಹೊದಿಸುವ ಬದಲು ತಿಂಗಳಿಗೊಮ್ಮೆ ಓದಿನ ಸಂಜೆ ಇಡಿ. ಹಾರ, ಭಾಷಣ, ಅಧ್ಯಕ್ಷತೆ ಯಾವುದೂ ಬೇಡ. ಬಂದವರು ಆ ತಿಂಗಳು ಬರೆದದ್ದರಲ್ಲಿ ಎರಡು ಪುಟ ಓದಲಿ, ಉಳಿದವರು ಕೇಳಿ ತಮಗನ್ನಿಸಿದ್ದನ್ನು ನೇರವಾಗಿ ಹೇಳಲಿ. ಶಿಫ್ಟ್ ಅಡ್ಡ ಬಂದವರ ಪುಟಗಳನ್ನು ಬೇರೆಯವರು ಓದಲಿ. ಸಭಿಕರಲ್ಲಿ ಬರೆಯುವ ಮನಸ್ಸಿರುವವರು ಮನೆಗೆ ಹೋಗುವ ಮುನ್ನ ಕಾರ್ಯದರ್ಶಿಗಳ ಹತ್ತಿರ ಹೆಸರು ಕೊಟ್ಟು, ಮುಂದಿನ ತಿಂಗಳು ಏನು ಓದುತ್ತೀರಿ ಎಂದು ಒಂದು ಸಾಲಿನಲ್ಲಿ ಬರೆಸಿ ಹೋಗಿ. ಮೊದಲ ಸಂಜೆಗೆ ಕೇಳುಗನಾಗಿ ನಾನೂ ಬರುತ್ತೇನೆ.