ಸೋತ ತಂಡದ ಹಿಂದೆ ನಿಂತವರು

(ಕೂಡಲಸಂಗಮದಲ್ಲಿ ನೆರೆದ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ನೂಲಿನ ಬೆಲೆ ಇವೆಲ್ಲವನ್ನೂ ಬಿಟ್ಟು ಇವನು ಫುಟ್‌ಬಾಲಿನ ಮಾತು ತೆಗೆದನಲ್ಲ ಎಂದು ನಿಮ್ಮಲ್ಲಿ ಕೆಲವರು ಮುಖ ನೋಡಿಕೊಳ್ಳುತ್ತಿದ್ದೀರಿ. ತಪ್ಪಿಲ್ಲ. ಆದರೆ ನಮ್ಮ ಹುಡುಗರು ತಮ್ಮ ತಂಡ ಸೋತ ರಾತ್ರಿ ಊಟ ಬಿಟ್ಟು ಮಲಗುತ್ತಾರೆ. ಹಿರಿಯರು, "ಅವರು ಗೆದ್ದರ ನಿನಗೇನು ರೊಟ್ಟಿ ಸಿಗತೈತೇನು?" ಎಂದು ಬೈಯುತ್ತಾರೆ. ಹಾಗೆ ಬೈಸಿಕೊಂಡವರಲ್ಲಿ ನಾನೂ ಒಬ್ಬ. ಆ ಪ್ರಶ್ನೆಗೆ ಉತ್ತರ ಹೇಳಲು ಈ ದಿನ ನಿಂತಿದ್ದೇನೆ.

ನಮ್ಮ ಸೀಮೆಯ ಆಟ ಕುಸ್ತಿ. ಜಾತ್ರೆಯ ಕಣದಲ್ಲಿ ನಮ್ಮೂರ ಪೈಲ್ವಾನ ಚಿತ್ತಾದ ಸಂಜೆ ನಮ್ಮಜ್ಜ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಗೆದ್ದ ಸಂಜೆ, ಸಾಲ ಕೇಳಲು ಬಂದವನನ್ನೂ ಕೂಡಿಸಿ ಚಹಾ ಕುಡಿಸುತ್ತಿದ್ದ. ಪೈಲ್ವಾನ ನಮ್ಮ ಬಂಧುವಲ್ಲ, ನಮ್ಮ ಓಣಿಯವನೂ ಅಲ್ಲ. ಆದರೂ ಅವನ ಬೆನ್ನಿಗೆ ಮಣ್ಣು ಹತ್ತಿದರೆ ಇಡೀ ಊರಿನ ಬೆನ್ನಿಗೇ ಹತ್ತಿದಂತೆ. ಈ ಹುಚ್ಚು ಹೊಸದಲ್ಲ. ಆಟ ಮಾತ್ರ ಬದಲಾಗಿದೆ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತಿದ್ದ ದಿನಗಳಲ್ಲಿ, 2013ರಲ್ಲಿ, ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ಬು ಹುಟ್ಟಿತು. ಕೋಣೆಯ ಸಂಗಾತಿಯೊಬ್ಬ ಒಂದು ಭಾನುವಾರ ಎಳೆದುಕೊಂಡು ಹೋದ. ಊರು ಬಿಟ್ಟು ಬಂದವನಿಗೆ ಭಾನುವಾರ ಎಷ್ಟು ಉದ್ದ ಎಂಬುದು ದುಡಿಯಲು ವಲಸೆ ಹೋದವರಿಗೆಲ್ಲ ಗೊತ್ತು. ಅಲ್ಲಿ ಗ್ಯಾಲರಿಯಲ್ಲಿ ಯಾರೂ ನನ್ನ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಗೋಲು ಬಿದ್ದಾಗ ಪಕ್ಕದವನು ಅಪ್ಪಿಕೊಂಡ. ಅವನ ಹೆಸರು ನನಗೆ ಇಂದಿಗೂ ತಿಳಿಯದು.

ಮೊದಲ ವರ್ಷವೇ, 2014ರಲ್ಲಿ, ತಂಡ ಐ-ಲೀಗ್ ಗೆದ್ದಿತು. ಬದುಕು ಸುಲಭವೆಂದುಕೊಂಡೆವು. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ತಂಡವೆನಿಸಿತು; ದೋಹಾದಲ್ಲಿ ಇರಾಕಿನ ತಂಡದೆದುರು ಒಂದೇ ಗೋಲಿನಿಂದ ಸೋತಿತು. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಅಂತಿಮ ಪಂದ್ಯ. ಲೀಗಿನಲ್ಲಿ ಮೊದಲ ಸ್ಥಾನ ನಮ್ಮದು, ಮೈದಾನ ನಮ್ಮದು, 9ನೆಯ ನಿಮಿಷಕ್ಕೇ ಸುನಿಲ್ ಛೇತ್ರಿಯವರ ಗೋಲು. ಕೊನೆಗೆ ಚೆನ್ನೈಯಿನ್ ತಂಡ 3-2ರಿಂದ ಗೆದ್ದಿತು. ಅಂದು ರಾತ್ರಿ ಬಸ್ಸಿನಲ್ಲಿ ಟಿಕೆಟಿನ ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತೆ. ಸರಿಯಾಗಿ ಒಂದು ವರ್ಷದ ಮೇಲೆ, ಅದೇ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ವಿರುದ್ಧ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಚೆಂಡನ್ನು ಗೋಲಿಗೆ ನೂಕಿದರು. ನಾವು ಚಾಂಪಿಯನ್ನರಾದೆವು. ಮತ್ತೆ 2023ರಲ್ಲಿ ಪೆನಾಲ್ಟಿ ಒದೆತಗಳಲ್ಲಿ ಸೋಲು. 2025ರ ಏಪ್ರಿಲ್ 12ರಂದು ಕೋಲ್ಕತ್ತೆಯಲ್ಲಿ, ಮೊದಲು ಮುಂದಿದ್ದೂ, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್ ಎದುರು 2-1ರಿಂದ ಸೋಲು.

ಲೆಕ್ಕ ಹಾಕಿ ನೋಡಿ. ವ್ಯಾಪಾರಿ ಮಿತ್ರರು ಇಂಥ ಅಂಗಡಿಯನ್ನು ಎಂದೋ ಮುಚ್ಚುತ್ತಿದ್ದರು. ಅಭಿಮಾನಿ ಮುಚ್ಚುವುದಿಲ್ಲ. ಇದಕ್ಕಿಂತ ದೀರ್ಘವಾದ ಕಾಯುವಿಕೆಯೂ ಉಂಟು. ನಮ್ಮ ರಾಜ್ಯ, ಮೈಸೂರೆಂಬ ಹೆಸರಿದ್ದಾಗ, ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಬರಗಾಲ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಕಪ್ ಎತ್ತಿತು. ಹರೆಯದಲ್ಲಿ ಹಿಂದಿನ ಗೆಲುವು ಕಂಡವರು ಆ ಹೊತ್ತಿಗೆ ಅಜ್ಜಂದಿರಾಗಿದ್ದರು.

ಹಾಗಾದರೆ ಅಜ್ಜಂದಿರಿಗೂ ಮೊಮ್ಮಕ್ಕಳಿಗೂ ಸಿಕ್ಕಿದ್ದೇನು? ನಮ್ಮ ದುಡಿಮೆಯ ಬದುಕಿನಲ್ಲಿ ದುಃಖವನ್ನು ಒಬ್ಬೊಬ್ಬರೇ ನುಂಗುತ್ತೇವೆ. ಕೂಲಿ ಕಡಿದರೆ ಮನೆಗೆ ಹೋಗಿ ಸುಮ್ಮನೆ ಕೂಡುತ್ತೇವೆ. ಗ್ಯಾಲರಿಯಲ್ಲಿ ಮಾತ್ರ ಸಾವಿರಾರು ಜನ ಒಂದೇ ಗಳಿಗೆಯಲ್ಲಿ ಒಂದೇ ದುಃಖ ಪಡುತ್ತಾರೆ, ಒಂದೇ ಸಂತೋಷ ಪಡುತ್ತಾರೆ. ಸೋತವರನ್ನು ಬಿಟ್ಟು ಓಡಬಾರದೆಂಬ ಪಾಠವನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, 2018ರ ಆ ರಾತ್ರಿಯಿಂದ.

ಆದರೆ ಎಚ್ಚರದ ಮಾತುಗಳನ್ನೂ ಹೇಳಬೇಕು. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟನೆಯ ವರ್ಷಕ್ಕೆ ಐಪಿಎಲ್ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಸಂಭ್ರಮಕ್ಕೆಂದು ಹೋದ ಮಕ್ಕಳು ಮನೆಗೆ ಹೆಣವಾಗಿ ಬಂದರು. ಅಭಿಮಾನಿಯ ಪ್ರೀತಿ ಬೇಕು, ಅವನ ಜೀವಕ್ಕೆ ಬೆಲೆಯಿಲ್ಲ ಎಂಬ ವ್ಯವಸ್ಥೆಯನ್ನು ನಾವು ಒಪ್ಪಬಾರದು. ಗಿರಣಿಯ ಯಂತ್ರಕ್ಕೆ ರಕ್ಷಣೆಯ ಜಾಲರಿ ಕೇಳುವ ನಾವು ಕ್ರೀಡಾಂಗಣದ ಬಾಗಿಲಿಗೂ ರಕ್ಷಣೆ ಕೇಳಬೇಕು.

ಇನ್ನೊಂದು ಮಾತು. ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಸ್ಥಿತಿ ಬಂದಾಗ, 2025ರ ಆಗಸ್ಟಿನಲ್ಲಿ, ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಮಕ್ಕಳ ಮತ್ತು ಕಿರಿಯರ ತಂಡಗಳನ್ನು ಮುಂದುವರಿಸಿತು ಎಂಬುದನ್ನೂ ಹೇಳುವುದು ನ್ಯಾಯ. ಸುದ್ದಿ ಓದಿದಾಗ ಸೋಲಿನ ದುಃಖವೆಲ್ಲ ಸಣ್ಣದೆನಿಸಿತು. ಹನ್ನೆರಡು ವರ್ಷ ನಾನು ಅವರನ್ನು ವೀರರೆಂದು ಕೂಗಿದ್ದೆ. ಅಂದು ಮೊದಲ ಸಲ ಅವರು ಸಂಬಳದ ದಿನ ಕಾಯುವ ಕೆಲಸಗಾರರಾಗಿ ಕಂಡರು. ದೊಡ್ಡ ಆಟಗಾರನಿಗೆ ಕೂಡಿಟ್ಟ ಹಣವಿರಬಹುದು. ಚೆಂಡು ಹೊರುವವನಿಗೆ, ಅಂಗಿ ಒಗೆಯುವವನಿಗೆ?

ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಇಲ್ಲಿ ಕುಳಿತ ನೇಕಾರರಿಗೆ ನಾನು ಹೇಳಬೇಕಾಗಿಲ್ಲ. ನೋಡುವವರು ಸೆರಗನ್ನೇ ಹೊಗಳುತ್ತಾರೆ. ಆಟಗಾರ ಸೆರಗು, ಅಭಿಮಾನಿ ಮೈಯ ಹಾಸು. ಕೊಂಡಿ ಬಿಚ್ಚಿದರೆ ಸೀರೆಯೇ ಇಲ್ಲ. ಟಿಕೆಟಿನ ಹಣ ನಮ್ಮದು, ಗಂಟಲು ನಮ್ಮದು, ನಿದ್ದೆಗೆಟ್ಟ ರಾತ್ರಿಗಳೂ ನಮ್ಮವು. ಲೀಗಿನ ಭವಿಷ್ಯ ತೀರ್ಮಾನವಾಗುವ ಕೋಣೆಯಲ್ಲಿ ಮಾತ್ರ ನಮಗೊಂದು ಕುರ್ಚಿಯಿಲ್ಲ. ಅದನ್ನು ಕೇಳುವುದೂ ಅಭಿಮಾನವೇ.

ಮಿತ್ರರೇ, "ರೊಟ್ಟಿ ಸಿಗತೈತೇನು?" ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಸಿಗುವುದಿಲ್ಲ. ಆದರೆ ಇರುವ ರೊಟ್ಟಿಯನ್ನು ಹಂಚಿಕೊಂಡು ತಿನ್ನಲು ಒಬ್ಬ ಜೊತೆಗಾರ ಸಿಗುತ್ತಾನೆ. ಇನ್ನು ಮೇಲೆ ನಿಮ್ಮ ಮಗ ತಂಡ ಸೋತಿತೆಂದು ಊಟ ಬಿಟ್ಟು ಮಲಗಿದರೆ ಬೈಯಬೇಡಿ. ಎಬ್ಬಿಸಿ, ಪಕ್ಕದಲ್ಲಿ ಕೂತು, ಆಟ ಹೇಗಾಯಿತೆಂದು ಕೇಳಿ. ಹೇಳುತ್ತ ಹೇಳುತ್ತ ಅವನು ಉಣ್ಣುತ್ತಾನೆ.