ಬೊಜ್ಜು: ಊರು ಕೂಡಿ ಮಾಡಬೇಕಾದ ಕೆಲಸ

ಮಗು ಮೈಕೈ ತುಂಬಿಕೊಂಡಿದ್ದರೆ ಹಿಂದೆ ಅಜ್ಜಿಯರು ದೃಷ್ಟಿ ತೆಗೆಯುತ್ತಿದ್ದರು. ಇಂದು ಅದೇ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ ವೈದ್ಯರು ಚಿಂತಿಸುತ್ತಾರೆ. ಬೊಜ್ಜಿನ ಬೆನ್ನಿಗೇ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಬರುತ್ತವೆ. ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತೂಕ ಮಿತಿಮೀರಿದವರು 2015–16ರಲ್ಲಿ ನೂರಕ್ಕೆ ಸುಮಾರು 21 ಮಂದಿ. 2019–21ರ ಹೊತ್ತಿಗೆ 24 ಮಂದಿ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುತ್ತದೆ.

ಚರಕಸಂಹಿತೆಯು ಅತಿಸ್ಥೂಲನನ್ನೂ ಅತಿಕೃಶನನ್ನೂ ಎಂಟು ಬಗೆಯ ನಿಂದಿತರಲ್ಲಿ ಎಣಿಸಿ, ಇಬ್ಬರಿಗೂ ಚಿಕಿತ್ಸೆಯನ್ನು ಹೇಳಿದೆ. ನಾವು ನಿಂದೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ‘ಡುಮ್ಮ’ ಎಂದು ಹಂಗಿಸಿದರೆ ಮಗುವಿನ ಮನಸ್ಸು ಕುಗ್ಗುತ್ತದೆಯೇ ಹೊರತು ಮೈ ಇಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಫ್ರಾನ್ಸ್ ದೇಶದ ಉತ್ತರದಲ್ಲಿ ಫ್ಲರ್ಬೇ, ಲಾವಾಂಟಿ ಎಂಬ ಎರಡು ಸಣ್ಣ ಊರುಗಳಿವೆ. 1992ರಲ್ಲಿ ಅಲ್ಲಿನ ಶಾಲೆಗಳಲ್ಲಿ ಆಹಾರದ ಪಾಠ ಆರಂಭವಾಯಿತು. ಮಕ್ಕಳು ಪಾಠವನ್ನೇನೋ ಕಲಿತರು. ಆದರೆ ಮೊದಲ ವರ್ಷಗಳಲ್ಲಿ ತೂಕ ಇಳಿಯಲಿಲ್ಲ. ಅನಂತರ ಪುರಸಭೆ, ವೈದ್ಯರು, ಅಂಗಡಿಯವರು, ಕ್ರೀಡಾಸಂಘಗಳು ಒಂದೊಂದಾಗಿ ಕೈಜೋಡಿಸಿದರು. 2004ರಲ್ಲಿ ಅಲ್ಲಿ ತೂಕ ಹೆಚ್ಚಿದ ಮಕ್ಕಳು ನೂರಕ್ಕೆ ಸುಮಾರು 9. ಹೋಲಿಕೆಗೆಂದು ತೆಗೆದುಕೊಂಡ ಊರುಗಳಲ್ಲಿ ಸುಮಾರು 18. ಎರಡೇ ಊರುಗಳ ಲೆಕ್ಕವನ್ನು ಕೊನೆಯ ಮಾತೆನ್ನಲಾಗದು. ಆದರೂ, ಬರಿಯ ಪಾಠದಿಂದ ಆಗದ ಕೆಲಸ ಊರು ಕೂಡಿದರೆ ಆದೀತೆಂಬ ಭರವಸೆ ಅದರಲ್ಲಿದೆ.

ಪಾಠ ಹೇಳುವುದೇ ಕಸುಬಾದ ನನಗೆ ಇದು ಸ್ವಲ್ಪ ಕಹಿಯಾದ ಸತ್ಯ. ಪರೀಕ್ಷೆ ಹತ್ತಿರ ಬಂದಾಗ ಆಟದ ಪೀರಿಯಡ್ಡನ್ನು ಕಸಿದುಕೊಂಡು ಸಂಧಿ, ಸಮಾಸ ಹೇಳಿದವರಲ್ಲಿ ನಾನೂ ಒಬ್ಬ. ‘ಓಡಿಯಾಡಿ’ ಎಂದು ಪುಸ್ತಕದಲ್ಲಿ ಓದಿಸುವುದು, ಓಡುವ ಹೊತ್ತಿಗೆ ಕೂರಿಸುವುದು!

ಮಕ್ಕಳು ತಿನ್ನುವ ಸಕ್ಕರೆಯ ಪ್ರಮಾಣವನ್ನು ತಿಳಿಸುವ ಫಲಕಗಳನ್ನು ಹಾಕಬೇಕೆಂದು ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2025ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ಒಳ್ಳೆಯದೇ. ಆದರೆ ಫಲಕ ಗೇಟಿನ ಒಳಗೆ, ಕರಿದ ತಿಂಡಿಯ ಪೊಟ್ಟಣ ಗೇಟಿನ ಹೊರಗೆ ಎಂದಾದರೆ ಫಲವೇನು? ಉಪಾಧ್ಯಾಯರು ಆಟದ ಹೊತ್ತನ್ನು ಕಾಯಲಿ. ಪುರಸಭೆ ಬಯಲನ್ನೂ ಕಾಲುದಾರಿಯನ್ನೂ ಕಾಯಲಿ. ಆರೋಗ್ಯ ಕೇಂದ್ರದವರು ವರ್ಷಕ್ಕೊಮ್ಮೆ ಮಕ್ಕಳ ಎತ್ತರ, ತೂಕ ಅಳೆದು ತಾಯಿತಂದೆಯರಿಗೆ ಗುಟ್ಟಾಗಿ ತಿಳಿಸಲಿ. ಅಂಗಡಿಯವರು ಕಡಲೆಕಾಯಿ, ಬಾಳೆಹಣ್ಣುಗಳನ್ನು ಕಣ್ಣೆದುರಿಗಿಡಲಿ. ಮನೆಯವರು ಪರದೆಯ ಮುಂದಿನ ಊಟವನ್ನು ಬಿಡಿಸಲಿ.

ದಾರಿ ಹೇಳುವುದು ಶಾಲೆಯ ಕೆಲಸ. ನಡೆಯಲು ದಾರಿ ಮಾಡಿಕೊಡುವುದು ಊರಿನ ಕೆಲಸ.